ನಾಲ್ಕು ಸೆಕೆಂಡಿನ ವಿಮಾನ

ನನ್ನ ಮೊದಲ ವಿಮಾನ ಗಾಳಿಯಲ್ಲಿದ್ದದ್ದು ಹೆಚ್ಚೆಂದರೆ 4 ಸೆಕೆಂಡು. ಬೇಸಿಗೆಗೆ ಬತ್ತಿದ ಕೆರೆಯಂಗಳ, ಬೆಳಗಿನ ಏಳು ಗಂಟೆ. ಒಂದು ಕಡೆ ಹುಡುಗರ ಕ್ರಿಕೆಟ್, ಇನ್ನೊಂದು ಕಡೆ ಎಮ್ಮೆಗಳು. ಮೋಟರು ಗಿರ್ರೆಂದಿತು, ಕೈಯಿಂದ ತೂರಿದೆ. ವಿಮಾನ ಮೂಗೆತ್ತಿ ಆಕಾಶ ನೋಡಿತು, ಏನೋ ಮರೆತವರ ಹಾಗೆ ಅಲ್ಲೇ ಒಂದು ಗಳಿಗೆ ನಿಂತಿತು, ಆಮೇಲೆ ಎಡರೆಕ್ಕೆ ಕುಸಿದು ತಲೆಕೆಳಗಾಗಿ ಬಂದು ಬಿರುಕುಬಿಟ್ಟ ಕೆರೆಮಣ್ಣಿಗೆ ಕುಟ್ಟಿಕೊಂಡಿತು. ಹುಡುಗರ ಆಟ ನಿಂತಿತು. ಅವರಲ್ಲೊಬ್ಬ ಓಡಿಬಂದು ಪ್ರೊಪೆಲ್ಲರಿನ ಚೂರನ್ನು ಹೆಕ್ಕಿಕೊಟ್ಟು, "ಅಂಕಲ್, ಇದು ರಾಕೆಟ್ಟಾ?" ಅಂದ. ಕೊಂಕಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ.

ರಿಮೋಟು, ಮೋಟರು, ಬ್ಯಾಟರಿ, ಚಾರ್ಜರು ಎಲ್ಲ ಸೇರಿ ಸುಮಾರು 10,000 ರೂಪಾಯಿ ಇಳಿದಿತ್ತು. ಸೆಕೆಂಡಿಗೆ ಎರಡೂವರೆ ಸಾವಿರದ ಲೆಕ್ಕ.

ಅದಾದ ಎಷ್ಟೋ ದಿನಕ್ಕೆ ಅಲ್ಫೋನ್ಸ್ ಪೆನೋ ಎಂಬ ಫ್ರೆಂಚ್ ಹುಡುಗನ ಬಗ್ಗೆ ಓದಿದೆ. ಸೊಂಟದ ಕಾಯಿಲೆಯಿಂದ ನೌಕಾಪಡೆಗೆ ಸೇರಲಾಗದವನು. 1871ರ ಆಗಸ್ಟ್ 18ರಂದು, ಇಪ್ಪತ್ತೊಂದರ ವಯಸ್ಸಿನಲ್ಲಿ, ಪ್ಯಾರಿಸ್ಸಿನ ಟುಯಿಲರೀಸ್ ಉದ್ಯಾನದಲ್ಲಿ ನಾಲ್ಕು ಜನ ತಿಳಿದವರನ್ನು ಎದುರಿಗೆ ನಿಲ್ಲಿಸಿಕೊಂಡು ಒಂದು ಪುಟ್ಟ ವಿಮಾನ ಬಿಟ್ಟ. ಅರ್ಧ ಮೀಟರು ಉದ್ದ, 16 ಗ್ರಾಂ ತೂಕ. ಎಂಜಿನ್ ಎಂದರೆ ತಿರುಚಿದ ರಬ್ಬರು, ಅಷ್ಟೇ. ಅದು 11 ಸೆಕೆಂಡಿನಲ್ಲಿ 40 ಮೀಟರು ಹಾರಿ ಮೆತ್ತಗೆ ಇಳಿಯಿತು. ರಿಮೋಟಿಲ್ಲ, ದಾರವಿಲ್ಲ, ಯಾರೂ ಅದಕ್ಕೆ ಹೀಗೆ ಹೋಗು ಹಾಗೆ ಹೋಗು ಎಂದು ಹೇಳುತ್ತಿರಲಿಲ್ಲ. ರೈಟ್ ಸಹೋದರರು ಹಾರುವ ಹುಚ್ಚು ಹತ್ತಿಸಿಕೊಂಡದ್ದೂ ಇವನ ಮಾದರಿಯ ಆಟಿಕೆಯಿಂದಲೇ. 1878ರಲ್ಲಿ ಅಪ್ಪ ತಂದುಕೊಟ್ಟ ರಬ್ಬರಿನ ಹೆಲಿಕಾಪ್ಟರನ್ನು ಹಾರಿಸಿ ಹಾರಿಸಿ ಮುರಿದು, ಮತ್ತೆ ತಾವೇ ಮಾಡಿಕೊಂಡರು. ಪೆನೋ ಮಾತ್ರ ದೊಡ್ಡ ವಿಮಾನಕ್ಕೆ ಹಣ ಹೊಂದಿಸಲಾಗದೆ, ಮೂವತ್ತರಲ್ಲೇ ತನ್ನ ಜೀವ ತಾನೇ ತೆಗೆದುಕೊಂಡ.

ಅವನ 11 ಸೆಕೆಂಡಿಗೂ ನನ್ನ 4 ಸೆಕೆಂಡಿಗೂ ನಡುವೆ ಇರುವ ವ್ಯತ್ಯಾಸವೇ ಈ ಹವ್ಯಾಸದ ಮೊದಲ ಪಾಠ. ಹೊಸಬರು ಬಂದಾಗೆಲ್ಲ ಕೇಳುವ ಪ್ರಶ್ನೆ ಒಂದೇ: "ಸಾರ್, ಯಾವ ರಿಮೋಟ್ ತಗೊಳ್ಳಲಿ?" ಅದು ಮೂರನೆಯದೋ ನಾಲ್ಕನೆಯದೋ ಪ್ರಶ್ನೆ. ಸರಿಯಾಗಿ ತೂಗಿಸಿದ ವಿಮಾನ ತನ್ನ ಪಾಡಿಗೆ ತಾನು ಹಾರುತ್ತದೆ. ರಿಮೋಟು ಹಿಡಿದವರ ಕೆಲಸ ಬಹುಪಾಲು ಅದಕ್ಕೆ ಅಡ್ಡ ಬಾರದಿರುವುದು. ತೂಗದ ವಿಮಾನವನ್ನು ಲಕ್ಷ ರೂಪಾಯಿಯ ರಿಮೋಟೂ ಉಳಿಸಲಾರದು.

ನನ್ನ ವಿಮಾನದ ಶವಪರೀಕ್ಷೆ ಮಾಡಿದವರು ನಮ್ಮ ಬೀದಿಯ ನಿವೃತ್ತ ಮೇಷ್ಟ್ರು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿ ಏರ್ ವಿಂಗಿನಲ್ಲಿದ್ದವರು. ಅಲ್ಲಿ ಏರೋಮಾಡೆಲಿಂಗ್, ಅಂದರೆ ಮಾದರಿ ವಿಮಾನ ಕಟ್ಟಿ ಹಾರಿಸುವುದು, ಒಂದು ಕಲಿಕೆ. ಅವರ ಕಾಲದ್ದು ಕಂಟ್ರೋಲ್ ಲೈನ್: ಎರಡು ತೆಳು ಉಕ್ಕಿನ ತಂತಿಯ ತುದಿಯಲ್ಲಿ ವಿಮಾನ, ನಡುವೆ ಹಿಡಿಕೆ ಹಿಡಿದ ಹುಡುಗ. ವಿಮಾನ ಸುತ್ತಿದ ಹಾಗೆಲ್ಲ ಅವನೂ ಗಿರಗಿರ ಸುತ್ತಬೇಕು. ಎಂಜಿನ್ನಿಗೆ ಮೆಥನಾಲಿನಲ್ಲಿ ಹರಳೆಣ್ಣೆ ಬೆರೆಸಿದ ಇಂಧನ. "ಸಾಯಂಕಾಲ ಮನೆಗೆ ಹೋದ್ರೆ ಅಂಗಿಯೆಲ್ಲ ಹರಳೆಣ್ಣೆ ವಾಸನೆ, ತಲೆ ಇನ್ನೂ ತಿರುಗ್ತಾ ಇರೋದು" ಎಂದು ಈಗಲೂ ಖುಷಿಯಿಂದ ಹೇಳುತ್ತಾರೆ. ಅವರು ನನ್ನ ಮುರಿದ ವಿಮಾನವನ್ನು ಟೇಪು ಸುತ್ತಿ ಜೋಡಿಸಿ, ಎರಡೂ ರೆಕ್ಕೆಯ ಅಡಿಗೆ ಒಂದೊಂದು ತೋರುಬೆರಳು ಕೊಟ್ಟು ಎತ್ತಿದರು. ಬಾಲ ದಬಕ್ಕನೆ ಕೆಳಗೆ ಬಿತ್ತು. "ಬ್ಯಾಟರಿ ಎಲ್ಲಿಟ್ಟಿದ್ರಿ?" ಎಂದರು. ಜಾಗ ಇದ್ದದ್ದು ಹಿಂದೆ, ಅಲ್ಲೇ ಇಟ್ಟಿದ್ದೆ. "ಜಾಗ ಇರೋ ಕಡೆ ಇಡೋಕೆ ಇದೇನು ಬಸ್ಸಿನ ಲಗೇಜಾ?"

ಆ ಎರಡು ಬೆರಳಿನ ವಿದ್ಯೆ ಇಷ್ಟೇ. ರೆಕ್ಕೆಯ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಎಷ್ಟು ಅಗಲವೋ ಅಳೆಯಿರಿ. ಮುಂದಿನ ಅಂಚಿನಿಂದ ಅದರ ಕಾಲು ಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಬೆರಳು ಕೊಟ್ಟಾಗ ವಿಮಾನ ಮಟ್ಟಸವಾಗಿ ನಿಲ್ಲಬೇಕು, ಮೂಗು ಕೂದಲೆಳೆ ಕೆಳಗಿದ್ದರೂ ಸರಿ. ಇದನ್ನೇ ಹವ್ಯಾಸಿಗಳು ಸಿ.ಜಿ. ಎನ್ನುತ್ತಾರೆ, ಗುರುತ್ವ ಕೇಂದ್ರ. ಮೂಗು ಭಾರವಾದರೆ ವಿಮಾನ ಕೆಟ್ಟದಾಗಿ ಹಾರುತ್ತದೆ, ಬಾಲ ಭಾರವಾದರೆ ಒಂದೇ ಸಲ ಹಾರುತ್ತದೆ ಎಂಬುದು ಈ ಬಳಗದ ಹಳೆಯ ಮಾತು. ನಾನು ಅದನ್ನು ಪ್ರಯೋಗ ಮಾಡಿ ಖಚಿತಪಡಿಸಿಕೊಂಡೆ.

ಯಾಕೆ ಹೀಗೆ? ಒಂದು ತಕ್ಕಡಿ ನೆನಪು ಮಾಡಿಕೊಳ್ಳಿ. ಹಿಡಿದು ಎತ್ತುವುದು ರೆಕ್ಕೆ. ಮುಂದಿನ ತಟ್ಟೆಯಲ್ಲಿ ಮೂಗಿನ ತೂಕ. ಹಿಂದಿನ ತಟ್ಟೆಯಲ್ಲಿ ತೂಕವಿಲ್ಲ, ಗಾಳಿಯಿದೆ. ಬಾಲದ ಪುಟ್ಟ ರೆಕ್ಕೆಯ ಮುಂದಿನ ಅಂಚು ಒಂದಿಷ್ಟು ತಗ್ಗಿರುವುದರಿಂದ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಈಗ ವಿಮಾನ ಮೂಗು ತಗ್ಗಿಸಿತು ಎನ್ನಿ. ವೇಗ ಏರುತ್ತದೆ, ಬಾಲದ ಮೇಲೆ ಗಾಳಿಯ ಒತ್ತು ಹೆಚ್ಚುತ್ತದೆ, ಬಾಲ ಕೆಳಗಿಳಿದು ಮೂಗು ತಾನಾಗಿ ಮೇಲೇಳುತ್ತದೆ. ಮೂಗೆತ್ತಿದರೆ ವೇಗ ಇಳಿದು ಒತ್ತು ಕಡಿಮೆಯಾಗಿ ಮೂಗು ಮತ್ತೆ ತಗ್ಗುತ್ತದೆ. ಮೂಗಿನ ತೂಕ ಬದಲಾಗುವುದಿಲ್ಲ, ಗಾಳಿಯ ತೂಕ ವೇಗದ ಜೊತೆ ಬದಲಾಗುತ್ತದೆ. ಇಬ್ಬರೂ ಮಾತಾಡಿಕೊಂಡು ಒಂದು ವೇಗಕ್ಕೆ ಒಪ್ಪುತ್ತಾರೆ. ಪೆನೋ ತನ್ನ ಪುಟ್ಟ ವಿಮಾನಕ್ಕೆ ಇಟ್ಟ ಬಾಲ ಈ ಕೆಲಸದ್ದೇ. ರೆಕ್ಕೆಯ ತುದಿಗಳನ್ನೂ ಅವನು ಮೇಲಕ್ಕೆ ಬಗ್ಗಿಸಿದ್ದ. ಅಂಥ ರೆಕ್ಕೆಯ ವಿಮಾನ ಒಂದು ಮಗ್ಗುಲಿಗೆ ವಾಲಿ ಆ ಕಡೆಗೇ ಜಾರತೊಡಗಿದರೆ, ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಸಿಕ್ಕಿ ಅದು ಮೇಲೆದ್ದು ಸರಿಹೋಗುತ್ತದೆ. ಅಷ್ಟು ದುಡ್ಡು ಸುರಿದು ನಾನು ಕೊಂಡ ಸಾಮಾನಿನಲ್ಲಿ ಇದ್ಯಾವುದೂ ಇರಲಿಲ್ಲವೆಂದಲ್ಲ, ಬ್ಯಾಟರಿಯನ್ನು ಹಿಂದಿಟ್ಟು ಎಲ್ಲವನ್ನೂ ನಾನೇ ಕೆಡಿಸಿದ್ದೆ.

ಹಾಗಾಗಿ ಶುರು ಮಾಡುವವರು ಮೊದಲು ಒಂದು ಕೈತೂರು ಗ್ಲೈಡರ್ ಮಾಡಿ. ಖರ್ಚು ಒಂದು ಮಸಾಲೆದೋಸೆಗಿಂತ ಕಡಿಮೆ. 5 ಮಿಲಿಮೀಟರ್ ದಪ್ಪದ ಥರ್ಮೋಕೋಲ್ ಹಾಳೆಯಲ್ಲಿ 50 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ರೆಕ್ಕೆ. ನಡುವೆ ಅರ್ಧ ಕೊಯ್ದು ಬಗ್ಗಿಸಿ, ಎರಡೂ ತುದಿ ಮೂರು ನಾಲ್ಕು ಸೆಂಟಿಮೀಟರ್ ಮೇಲೇಳುವಂತೆ ಅಂಟಿಸಿ. ಬಾಲಕ್ಕೆ 20 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಪಟ್ಟಿ, ಅದರ ಮೇಲೆ ನೆಟ್ಟಗೆ ನಿಲ್ಲುವ ಒಂದು ಪುಟ್ಟ ತುಂಡು. ಇವನ್ನೆಲ್ಲ ಹೊರಲು ಅರ್ಧ ಮೀಟರಿನ ಬಿದಿರುಕಡ್ಡಿ. ಅಂಟಿಗೆ ಬಿಳಿ ಫೆವಿಕಾಲ್ ಸಾಕು, ರಾತ್ರಿ ಅಂಟಿಸಿದರೆ ಬೆಳಿಗ್ಗೆ ಹಾರಿಸಬಹುದು. ಅವಸರಕ್ಕೆ ಬಿದ್ದು ಕ್ಷಣದಲ್ಲಿ ಹಿಡಿಯುವ ಗಮ್ಮು ಹಾಕಬೇಡಿ, ಅದು ಥರ್ಮೋಕೋಲನ್ನು ಬಿಸಿನೀರಿಗೆ ಬಿದ್ದ ಸಕ್ಕರೆಯಂತೆ ಕರಗಿಸಿಬಿಡುತ್ತದೆ. ರೆಕ್ಕೆಯ ಮಧ್ಯದಲ್ಲಿ ಒಂದು ದೊಡ್ಡ ತೂತು ಬಿದ್ದಾಗ ನನಗಿದು ಗೊತ್ತಾಯಿತು.

ಮೂಗಿಗೆ ಮಕ್ಕಳ ಆಟದ ಜೇಡಿ ಮೆತ್ತುತ್ತ, ರೆಕ್ಕೆಯ ಮುಂದಿನ ಅಂಚಿನಿಂದ ಸುಮಾರು 3 ಸೆಂಟಿಮೀಟರಿಗೆ ತೂಗುವಂತೆ ಮಾಡಿ. ಈಗ ಗಾಳಿಗೆ ಎದುರಾಗಿ ನಿಂತು, ಭುಜದ ಮಟ್ಟದಿಂದ, ನೆಲದ ಕಡೆಗೆ ಒಂಚೂರು ತಗ್ಗಿಸಿ, ಈಟಿಯಂತೆ ತಳ್ಳಿ. ಕಲ್ಲು ಬೀಸಿದಂತೆ ಬೀಸಬೇಡಿ. ಗ್ಲೈಡರ್ ಹೇಳುವುದನ್ನು ನೋಡುವುದೇ ನಿಜವಾದ ಶಾಲೆ. ಮೂಗೆತ್ತಿ, ನಿಂತು, ಮುಗ್ಗರಿಸಿ, ಮತ್ತೆ ಮೂಗೆತ್ತುತ್ತ ಅಲೆಯಲೆಯಾಗಿ ಹೋದರೆ ಮೂಗಿಗೆ ಇನ್ನೊಂದು ಕಡಲೆಕಾಳಿನಷ್ಟು ಜೇಡಿ ಬೇಕು. ಸೀದಾ ನೆಲಕ್ಕೆ ಇಳಿದರೆ ತೆಗೆಯಬೇಕು. ಎಡಕ್ಕೋ ಬಲಕ್ಕೋ ಎಳೆದರೆ ಕಣ್ಣಿನ ಮಟ್ಟಕ್ಕೆ ಹಿಡಿದು ಹಿಂದಿನಿಂದ ನೋಡಿ, ಎಲ್ಲೋ ಒಂದು ರೆಕ್ಕೆ ತಿರುಚಿಕೊಂಡಿರುತ್ತದೆ. ಇಪ್ಪತ್ತು ಸಲ ತೂರಿದ ಮೇಲೆ ಯಾವುದೋ ಒಂದು ತೂರಿಗೆ ಅದು ಕೈಬಿಟ್ಟ ಕೂಡಲೇ ದಾರ ಎಳೆದಂತೆ ನೇರವಾಗಿ, ಸದ್ದಿಲ್ಲದೆ ಹೋಗಿ, ಹುಲ್ಲು ಸವರಿಕೊಂಡು ಕೂರುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಕೆರೆ ಏರಿಗಿಂತ ಒಳ್ಳೆಯ ಜಾಗವಿಲ್ಲ. ಏರಿಯ ಮೇಲಿಂದ ಒಣಗಿದ ಅಂಗಳದ ಕಡೆಗೆ ಬಿಟ್ಟರೆ ಹಾರಾಟದ ಹೊತ್ತು ಇಮ್ಮಡಿಯಾಗುತ್ತದೆ.

ಇಷ್ಟಾದ ಮೇಲೆ ರಿಮೋಟಿನ ಮಾತು. ಬೆಂಗಳೂರಿನವರು ಎಸ್.ಪಿ. ರೋಡಿಗೆ ಹೋದರೆ ಬೇಕಾದ್ದೆಲ್ಲ ಸಿಗುತ್ತದೆ, ಮಿಕ್ಕವರಿಗೆ ಆನ್‌ಲೈನ್ ಇದೆ. ಆರು ಚಾನೆಲ್ಲಿನ 2.4 ಗಿಗಾಹರ್ಟ್ಸ್ ರಿಮೋಟು, 2212 ಎಂಬ ನಂಬರಿನ ಬ್ರಷ್‌ಲೆಸ್ ಮೋಟರು, ಮೋಟರಿನ ವೇಗ ಹತೋಟಿಯಲ್ಲಿಡುವ 30 ಆಂಪಿಯರಿನ ಇಎಸ್‌ಸಿ, ಬಾಲ ಮತ್ತು ರೆಕ್ಕೆಯ ಪಟ್ಟಿಗಳನ್ನು ಅಲ್ಲಾಡಿಸುವ 9 ಗ್ರಾಂನ ಪುಟ್ಟ ಸರ್ವೋಗಳು, ಮೂರು ಸೆಲ್ಲಿನ ಲಿಪೊ ಬ್ಯಾಟರಿ. ಮೋಟರಿನ ಮೇಲೆ 1000 ಕೆವಿ ಎಂದು ಬರೆದಿರುವುದನ್ನು ಕಂಡು ಹೆದರಬೇಡಿ, ಅದು ಕಿಲೊವೋಲ್ಟ್ ಅಲ್ಲ. ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು ಎಂದರ್ಥ. ಮೂರು ಸೆಲ್ಲಿನ 11.1 ವೋಲ್ಟಿಗೆ ಹನ್ನೊಂದು ಸಾವಿರ ಸುತ್ತು. ಪ್ರೊಪೆಲ್ಲರ್ ಹಾಕಿದ ಮೇಲೆ ಸುತ್ತು ಕಡಿಮೆಯಾಗುತ್ತದೆ, ಆದರೂ ಬೆರಳು ಕತ್ತರಿಸಲು ಅಷ್ಟು ಸಾಕು. ಮನೆಯೊಳಗೆ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಿ. ರಿಮೋಟನ್ನು ಮೊದಲು ಹಚ್ಚಿ, ಆಮೇಲೆ ವಿಮಾನಕ್ಕೆ ಬ್ಯಾಟರಿ ಕೊಡಿ. ಆರಿಸುವಾಗ ತಿರುಗುಮುರುಗು.

ಮೊದಲ ವಿಮಾನ ಕಣ್ಣಿಗೆ ಚೆಂದ ಇರಬೇಕಿಲ್ಲ. ಅಂಗಡಿಯಲ್ಲಿ ಯುದ್ಧವಿಮಾನದ ಮಾದರಿ ಮಿಂಚುತ್ತ ಕರೆಯುತ್ತದೆ, ತಲೆ ತಗ್ಗಿಸಿ ಮುಂದೆ ಹೋಗಿ. ರೆಕ್ಕೆ ಮೈಯ ಮೇಲುಗಡೆ ಇರುವ, ತುದಿ ಎತ್ತಿದ, ಹಗುರ ಫೋಮಿನ, ನಿಧಾನಕ್ಕೆ ಹಾರುವ ಟ್ರೇನರ್ ಸಾಕು. ಬಾಗುವ ಇಪಿಪಿ ಫೋಮಾದರೆ ಇನ್ನೂ ಒಳ್ಳೆಯದು, ನೆಲಕ್ಕೆ ಬಡಿದು ಪುಟಿದೇಳುತ್ತದೆ. ಥರ್ಮೋಕೋಲು ಬಡಿದರೆ ಕಾಳುಕಾಳಾಗುತ್ತದೆ.

ಲಿಪೊ ಬ್ಯಾಟರಿಯ ವಿಷಯದಲ್ಲಿ ತಮಾಷೆ ಬೇಡ. ಒಂದು ಸೆಲ್ ತುಂಬಿದಾಗ 4.2 ವೋಲ್ಟು, ಅದಕ್ಕೆ ಮೀರಿ ಚಾರ್ಜ್ ಆಗಕೂಡದು. 3.5ರ ಹತ್ತಿರ ಬಂದಾಗ ವಿಮಾನ ಇಳಿಸಿ, 3ಕ್ಕಿಂತ ಕೆಳಗೆ ಹೋದರೆ ಅದರ ಆಯಸ್ಸು ಮುಗಿದ ಹಾಗೆ. ವಾರಗಟ್ಟಲೆ ಇಡುವುದಾದರೆ 3.8ರಲ್ಲಿಡಿ. ಸೆಲ್ಲುಗಳನ್ನು ಸಮ ಮಾಡುವ ಬ್ಯಾಲೆನ್ಸ್ ಚಾರ್ಜರನ್ನೇ ಬಳಸಿ, ಚಾರ್ಜಿಗೆ ಹಾಕಿ ಮಲಗಬೇಡಿ. ಉಬ್ಬಿದ, ಚುಚ್ಚಿಹೋದ ಲಿಪೊ ಹೊತ್ತಿಕೊಂಡರೆ ಆರಿಸುವುದು ಕಷ್ಟ. ನಾನು ಚಾರ್ಜ್ ಮಾಡುವುದು ಅಂಗಳದಲ್ಲಿ, ಮಣ್ಣಿನ ಮಡಕೆಯೊಳಗೆ ಇಟ್ಟುಕೊಂಡು. ಹೆಂಡತಿಗೆ ಆ ಮಡಕೆಯ ಮೇಲೆ ಬೇರೆ ಯೋಜನೆಯಿತ್ತು, ಅದು ಹೋಗಲಿ.

ಇನ್ನು ಹಾರಾಟ. ಬೆಳಗಿನ ಎಂಟರೊಳಗೆ ಗಾಳಿ ಮಲಗಿರುತ್ತದೆ, ಆ ಹೊತ್ತೇ ಹೊಸಬರ ಹೊತ್ತು. ಬಿಸಿಲೇರಿದ ಮೇಲೆ ನೆಲದಿಂದ ಬಿಸಿಗಾಳಿ ಎದ್ದು ಹದ್ದುಗಳು ರೆಕ್ಕೆ ಬಡಿಯದೆ ಸುತ್ತತೊಡಗುತ್ತವೆ. ಅನುಭವಿಗಳು ಅವನ್ನು ನೋಡಿಕೊಂಡೇ ಗ್ಲೈಡರನ್ನು ಆ ಸುತ್ತಿನೊಳಗೆ ತೂರಿಸಿ ಮೋಟರಿಲ್ಲದೆ ಮೇಲೇರುತ್ತಾರೆ. ನಮ್ಮ ನಿಮ್ಮಂಥವರಿಗೆ ಅದೇ ಗಾಳಿ ವಿಮಾನವನ್ನು ಪಕ್ಕದ ತೆಂಗಿನ ತೋಟಕ್ಕೆ ಕಳಿಸುವ ಗಾಳಿ.

ರಿಮೋಟಿನ ಎರಡು ಕಡ್ಡಿಗಳಲ್ಲಿ ಎಡದ್ದು ಸಾಮಾನ್ಯವಾಗಿ ಥ್ರಾಟಲ್ (ಮೋಟರಿನ ವೇಗ) ಮತ್ತು ರಡ್ಡರ್ (ಮೂಗು ಎಡಬಲ), ಬಲದ್ದು ಎಲಿವೇಟರ್ (ಮೂಗು ಮೇಲೆ ಕೆಳಗೆ) ಮತ್ತು ಏಲರಾನ್ (ರೆಕ್ಕೆ ವಾಲಿಸಲು). ಇದಕ್ಕೆ ಮೋಡ್ 2 ಎನ್ನುತ್ತಾರೆ. ಹೊಸಬರ ಕೈ ಮಾಡುವ ತಪ್ಪು ಒಂದೇ ತೆರ: ಸ್ಕೂಟರ್ ಕಲಿಯುವವರು ಹ್ಯಾಂಡಲ್ ಬಿಗಿ ಹಿಡಿಯುವ ಹಾಗೆ ಕಡ್ಡಿಯನ್ನು ತುದಿಯವರೆಗೆ ಒತ್ತಿ ಅಲ್ಲೇ ಹಿಡಿದುಕೊಳ್ಳುವುದು. ವಿಮಾನಕ್ಕೆ ಬೇಕಾದದ್ದು ಕೂದಲೆಳೆಯ ಒತ್ತು, ಕೂಡಲೇ ಬಿಡುಗಡೆ. ಗಾಬರಿಯಾದಾಗ ಎಲಿವೇಟರ್ ಎಳೆದು ಮೂಗೆತ್ತಿಸಬೇಕು ಎನಿಸುತ್ತದೆ. ಎಳೆದಷ್ಟೂ ವೇಗ ಸಾಯುತ್ತದೆ, ರೆಕ್ಕೆಯ ಮೇಲಿನ ಗಾಳಿ ಕಿತ್ತುಕೊಂಡು ಹೋಗಿ ವಿಮಾನ ಕಲ್ಲಾಗುತ್ತದೆ. ಇದೇ ಸ್ಟಾಲ್. ಟ್ರೇನರು ಎತ್ತರದಲ್ಲಿರುವಾಗ ಎಡವಟ್ಟಾದರೆ ಎರಡೂ ಬೆರಳು ಕಡ್ಡಿಯಿಂದ ಎತ್ತಿ ಒಂದೆರಡು ಸೆಕೆಂಡು ಸುಮ್ಮನಿರಿ. ಸರಿಯಾಗಿ ತೂಗಿದ್ದರೆ ಅದು ತಾನೇ ತಲೆ ಸರಿಮಾಡಿಕೊಳ್ಳುತ್ತದೆ. ನನಗೆ ಈ ಎರಡು ಸೆಕೆಂಡು ಸುಮ್ಮನಿರಲು ಕಲಿಯುವುದಕ್ಕೆ ಆರು ತಿಂಗಳು ಮತ್ತು ಒಂಬತ್ತು ಪ್ರೊಪೆಲ್ಲರ್ ಬೇಕಾದವು.

ಇನ್ನೊಂದು ಪೇಚು ಎಲ್ಲರನ್ನೂ ಕಾಡುತ್ತದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಎಡ ಎಂದರೆ ಎಡ. ತಿರುಗಿ ನಮ್ಮ ಕಡೆ ಬರುವಾಗ ಅದರ ಎಡ ನಮ್ಮ ಬಲ. ಆ ಗಳಿಗೆಯಲ್ಲಿ ಲೆಕ್ಕ ಹಾಕುತ್ತ ನಿಂತರೆ ಅಷ್ಟರಲ್ಲಿ ನೆಲ ಬಂದಿರುತ್ತದೆ. ಉಪಾಯವೆಂದರೆ ಎಡಬಲ ಮರೆತುಬಿಡುವುದು. ಎದುರಿಗೆ ಬರುತ್ತಿರುವ ವಿಮಾನದ ಯಾವ ರೆಕ್ಕೆ ಕೆಳಗಾಗಿದೆಯೋ ಕಡ್ಡಿಯನ್ನು ಆ ಬದಿಗೆ ಒತ್ತಿ, ಬೀಳುವ ಗೋಡೆಗೆ ಆನಿಕೆ ಕೊಟ್ಟಂತೆ. ಈ ಅಭ್ಯಾಸಕ್ಕೆ ಪಿಕಾಸಿಮ್‌ನಂಥ ಉಚಿತ ಸಿಮ್ಯುಲೇಟರುಗಳಿವೆ. ಕಂಪ್ಯೂಟರಿನಲ್ಲಿ ನೂರು ಸಲ ಬಿದ್ದರೆ ಕರೆಂಟಿನ ಖರ್ಚು ಮಾತ್ರ.

ಎಲ್ಲಿ ಹಾರಿಸುವುದು ಎಂಬುದು ನಿಜವಾದ ತಲೆನೋವು. 2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಅನ್ವಯ. 250 ಗ್ರಾಂವರೆಗೆ ನ್ಯಾನೊ, ಅಲ್ಲಿಂದ 2 ಕಿಲೊವರೆಗೆ ಮೈಕ್ರೊ. ನಮ್ಮ ಟ್ರೇನರುಗಳು ಹೆಚ್ಚಾಗಿ ಮೈಕ್ರೊ ಗುಂಪಿಗೆ ಬೀಳುತ್ತವೆ, ಹವ್ಯಾಸಕ್ಕೆ ಹಾರಿಸಲು ಪೈಲಟ್ ಲೈಸೆನ್ಸ್ ಬೇಕಿಲ್ಲ. ಆದರೆ ನೋಂದಣಿ ಮಾಡಿಸಬೇಕು, ವಲಯಗಳ ನಕ್ಷೆಗೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣ ನೋಡಲೇಬೇಕು. ಆ ನಕ್ಷೆಯ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೊಮೀಟರಿನ ಪಟ್ಟಿಯಲ್ಲಿ ಆ ಮಿತಿ 200 ಅಡಿ. ಇನ್ನೂ ಹತ್ತಿರ ಬಂದರೆ ಹಳದಿ, ಕೆಂಪು. ಇಲ್ಲೇ ಬೆಂಗಳೂರಿನವರ ಪಾಡು ನೋಡಿ. ಒಂದು ಕಡೆ ಎಚ್‌ಎಎಲ್, ಇನ್ನೊಂದು ಕಡೆ ಯಲಹಂಕದ ವಾಯುನೆಲೆ, ಪಕ್ಕದಲ್ಲೇ ಜಕ್ಕೂರು, ಆಚೆ ದೇವನಹಳ್ಳಿ. 1940ರಲ್ಲೇ ವಿಮಾನ ಕಾರ್ಖಾನೆ ಶುರುವಾದ ಊರಿನಲ್ಲಿ ಮಗುವಿನ ತೂಕವೂ ಇಲ್ಲದ ವಿಮಾನ ಹಾರಿಸಲು ಜಾಗ ಹುಡುಕಿಕೊಂಡು ಕಾರು ಹತ್ತಬೇಕು. ನಮ್ಮಂಥ ಸಣ್ಣ ಊರಿನವರಿಗೆ ಈ ಒಂದು ವಿಷಯದಲ್ಲಾದರೂ ಬೆಂಗಳೂರಿನವರ ಮೇಲೆ ಕನಿಕರ ತೋರಿಸುವ ಭಾಗ್ಯವಿದೆ. ನಿಯಮ ಏನೇ ಇರಲಿ, ಜನರ ತಲೆಯ ಮೇಲೆ, ರಸ್ತೆಯ ಮೇಲೆ, ವಿದ್ಯುತ್ ತಂತಿಯ ಬಳಿ ಹಾರಿಸಬೇಡಿ. ಮುಕ್ಕಾಲು ಕಿಲೊ ತೂಕ ಬೈಕಿನ ವೇಗದಲ್ಲಿ ಬಂದು ಬಡಿದರೆ ಅದು ಆಟಿಕೆಯಲ್ಲ.

ಬೀಳುವುದಂತೂ ಬೀಳುತ್ತದೆ. ಮೇನಾರ್ಡ್ ಹಿಲ್ ಎಂಬ ಅಮೆರಿಕದ ಹವ್ಯಾಸಿ ಮಾದರಿ ವಿಮಾನವನ್ನು ಅಟ್ಲಾಂಟಿಕ್ ಸಾಗರ ದಾಟಿಸುತ್ತೇನೆಂದು ಹಟ ಹಿಡಿದಾಗ ಎಪ್ಪತ್ತು ದಾಟಿದ್ದ. ಕಣ್ಣು ಹೆಚ್ಚೂಕಡಿಮೆ ಹೋಗಿತ್ತು, ಕಿವಿಯೂ ಅಷ್ಟಕ್ಕಷ್ಟೆ. ಬಾಲ್ಸಾ ಮರದಲ್ಲಿ ಕಟ್ಟಿ, ಮೇಲೆ ತೆಳು ಪ್ಲಾಸ್ಟಿಕ್ ಹೊದಿಸಿದ ವಿಮಾನ, ಇಂಧನ ತುಂಬಿದರೂ 5 ಕಿಲೊದೊಳಗೆ. ಮೊದಲಿನವು ಯಾವುವೂ ಆಚೆ ದಡ ಮುಟ್ಟಲಿಲ್ಲ. 2003ರ ಆಗಸ್ಟಿನಲ್ಲಿ ಕೆನಡಾದ ನ್ಯೂಫೌಂಡ್‌ಲೆಂಡಿನಿಂದ ಹೊರಟ ಐದನೆಯದು 38 ಗಂಟೆ 52 ನಿಮಿಷ ಹಾರಿ, ಮೂರು ಸಾವಿರ ಕಿಲೊಮೀಟರು ದಾಟಿ ಐರ್ಲೆಂಡಿನ ಕಡಲತೀರದಲ್ಲಿ ಇಳಿಯಿತು. ಏರುವಾಗ ಮತ್ತು ಇಳಿಯುವಾಗ ಮಾತ್ರ ಮನುಷ್ಯನ ಕೈ ರಿಮೋಟಿನ ಮೇಲಿತ್ತು. ನಡುವಿನ ಸಾಗರವನ್ನು ಅದು ಒಳಗಿನ ಪುಟ್ಟ ಆಟೊಪೈಲಟ್ ನಂಬಿಕೊಂಡು ತನ್ನ ಪಾಡಿಗೆ ತಾನು ದಾಟಿತ್ತು.

ರಾಕೆಟ್ಟಾ ಎಂದು ಕೇಳಿದ ಹುಡುಗ ಆಮೇಲೆ ಪ್ರತಿ ಭಾನುವಾರ ಬರತೊಡಗಿದ. ಅವನಿಗೊಂದು ಥರ್ಮೋಕೋಲ್ ಗ್ಲೈಡರ್ ಮಾಡಿಕೊಟ್ಟೆ. ಜೇಡಿ ಮೆತ್ತುವ ಕೆಲಸ ಅವನದೇ. ಒಂದು ಬೆಳಿಗ್ಗೆ ಏರಿಯ ಮೇಲೆ ನಿಂತು ಬಿಟ್ಟ, ಜೊತೆಯ ಹುಡುಗರು ಕೂಗಿ ಎಣಿಸಿದರು. ಆರಕ್ಕೆ ನೆಲ ಮುಟ್ಟಿತು. ನನ್ನ ಹತ್ತು ಸಾವಿರದ ವಿಮಾನಕ್ಕಿಂತ ಎರಡು ಹೆಚ್ಚು. ಅವನು ಅದನ್ನು ಅಲ್ಲೇ ಹುಲ್ಲಿನ ಮೇಲೆ ಬಿಟ್ಟು ಬ್ಯಾಟಿಂಗ್ ಸರದಿ ಬಂತೆಂದು ಓಡಿದ. ಔಟಾಗಿ ತಿರುಗಿ ಬರುವಷ್ಟರಲ್ಲಿ ಎಮ್ಮೆಯೊಂದು ರೆಕ್ಕೆಯ ಮೇಲೆ ನಿಂತು ಮೇಯುತ್ತಿತ್ತು.

"ಇನ್ನೊಂದು ಮಾಡ್ಕೊಡಿ ಅಂಕಲ್."

"ಹಾಳೆ ಕೊಡ್ತೀನಿ, ನೀನೇ ಮಾಡ್ಕೊಂಡು ಬಾ."

ಮುಂದಿನ ಭಾನುವಾರ ತಂದ. ರೆಕ್ಕೆ ಸೊಟ್ಟ, ಬಾಲ ಒಂದು ಕಡೆಗೆ ವಾಲಿತ್ತು. ಆದರೆ ನನ್ನ ಕೈಗೆ ಕೊಡುವ ಮೊದಲು ಎರಡು ಬೆರಳ ಮೇಲೆ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು ನೋಡುತ್ತಿದ್ದ.